ಲೆಕ್ಕಕ್ಕೆ ಸಿಗದ ಒಂದು ಮುದ್ದೆ: ಪಮೇಲಾ ಬ್ಯೋರ್ಕ್‌ಮನ್ ಮತ್ತು ಎಚ್‌ಎಲ್‌ಎ-ಎ2 ಪ್ರಕರಣ

1987ರ ಅಕ್ಟೋಬರ್ 8ರ ನೇಚರ್ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಒಂದರ ಬೆನ್ನಿಗೆ ಇನ್ನೊಂದು ಅಚ್ಚಾದವು. ಎರಡಕ್ಕೂ ಅದೇ ಆರು ಜನ ಲೇಖಕರು. ಮೊದಲ ಹೆಸರು ಪಮೇಲಾ ಬ್ಯೋರ್ಕ್‌ಮನ್ ಅವರದು. ಕೊನೆಯದು ಅವರ ಮಾರ್ಗದರ್ಶಕ ಡಾನ್ ವೈಲಿ ಅವರದು. ಮೊದಲ ಪ್ರಬಂಧ ಎಚ್‌ಎಲ್‌ಎ-ಎ2 ಅನ್ನುವ ಒಂದು ಪ್ರೋಟೀನಿನ ಆಕಾರ ಹೇಗಿದೆ ಅಂತ ಹೇಳಿತು. ಎರಡನೆಯದು ಆ ಆಕಾರ ನೋಡಿದರೆ ಏನೆಲ್ಲ ತಿಳಿಯುತ್ತದೆ ಅಂತ ಹೇಳಿತು.

ರೋಗನಿರೋಧಕ ವಿಜ್ಞಾನ ಓದಿದವರೆಲ್ಲ ಆ ಚಿತ್ರವನ್ನು ಒಮ್ಮೆಯಾದರೂ ನೋಡಿರುತ್ತಾರೆ. ಕೆಳಗೆ ಚಾಪೆ ಹಾಸಿದ ಹಾಗೆ ಒಂದು ತಳ. ಅದರ ಮೇಲೆ ಅಕ್ಕಪಕ್ಕ ಎರಡು ಸುರುಳಿ. ನಡುವೆ ಒಂದು ಕಾಲುವೆ. ಕಾಲುವೆಯೊಳಗೆ ಒಂದು ಮುದ್ದೆ. ಪ್ರೋಟೀನಿನ ಕೊಂಡಿಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೂ ಆ ಮುದ್ದೆ ಯಾವ ಲೆಕ್ಕಕ್ಕೂ ಸೇರದೆ ಹಾಗೇ ಉಳಿದಿತ್ತು. ಹದಿಮೂರು ವರ್ಷಗಳಿಂದ ಜನ ವಾದ ಮಾಡುತ್ತಿದ್ದ ಪ್ರಶ್ನೆಗೆ ಉತ್ತರ ಇದ್ದದ್ದು ಅಲ್ಲೇ.

ಒಬ್ಬ ವಿಜ್ಞಾನಿಯ ವೃತ್ತಿ ಅಂದರೆ ಪದವಿ, ಪ್ರಶಸ್ತಿ, ಹುದ್ದೆಗಳ ಪಟ್ಟಿ ಕೊಡುವುದು ರೂಢಿ. ನನಗೆ ಆ ಪಟ್ಟಿಗಿಂತ ಈ ಒಂದು ಘಟನೆಯನ್ನು ಬಿಡಿಸಿ ನೋಡುವುದು ಹೆಚ್ಚು ಉಪಯುಕ್ತ ಅನಿಸುತ್ತದೆ. ಪಮೇಲಾ ಅವರು ಮುಂದೆ ಮಾಡಿದ ಕೆಲಸದ ಬೇರು ಬಹುಪಾಲು ಇಲ್ಲೇ ಇದೆ.

ಪ್ರಶ್ನೆ ಹುಟ್ಟಿದ್ದು ಹೇಗೆ

ಒಬ್ಬರ ಚರ್ಮವನ್ನೋ ಮೂತ್ರಪಿಂಡವನ್ನೋ ಇನ್ನೊಬ್ಬರಿಗೆ ಕಸಿ ಮಾಡಿದರೆ ದೇಹ ಅದನ್ನು ತಿರಸ್ಕರಿಸುತ್ತದೆ. ಇದಕ್ಕೆ ಮುಖ್ಯ ಕಾರಣ ಜೀವಕೋಶಗಳ ಹೊರಮೈ ಮೇಲಿರುವ ಒಂದು ಗುಂಪಿನ ಪ್ರೋಟೀನುಗಳು. ಸಾಮಾನ್ಯವಾಗಿ ಇವಕ್ಕೆ ಎಂಎಚ್‌ಸಿ ಅನ್ನುತ್ತಾರೆ. ಮನುಷ್ಯರಲ್ಲಿ ಇರುವವಕ್ಕೆ ಎಚ್‌ಎಲ್‌ಎ ಅಂತ ಹೆಸರು, ಎಚ್‌ಎಲ್‌ಎ-ಎ2 ಅವುಗಳಲ್ಲಿ ಒಂದು. ಒಬ್ಬರಿಂದ ಒಬ್ಬರಿಗೆ ಇಷ್ಟೊಂದು ಬದಲಾಗುವ ಪ್ರೋಟೀನು ನಮ್ಮ ದೇಹದಲ್ಲಿ ಇನ್ನೊಂದಿಲ್ಲ ಅನ್ನಬಹುದು. ಇವುಗಳ ಜೀನುಗಳನ್ನು ಗುರುತಿಸಿದ್ದಕ್ಕಾಗಿ ಜಾರ್ಜ್ ಸ್ನೆಲ್, ಜೀನ್ ಡಾಸೆ, ಬರೂಜ್ ಬೆನಸೆರಾಫ್ ಅವರಿಗೆ 1980ರಲ್ಲಿ ನೊಬೆಲ್ ಬಂತು.

ಆದರೆ ಒಂದು ವಿಚಾರ ಕೊರೆಯುತ್ತಲೇ ಇತ್ತು. ಕಸಿ ಮಾಡುವ ವೈದ್ಯರಿಗೆ ಅಡ್ಡಗಾಲು ಹಾಕುವುದಕ್ಕೆ ಅಂತ ಪ್ರಕೃತಿ ಒಂದು ಪ್ರೋಟೀನನ್ನು ಕೋಟ್ಯಂತರ ವರ್ಷ ಕಾಪಾಡಿಕೊಂಡು ಬರುತ್ತದೆಯೇ? ಇಲ್ಲ ಅಲ್ವಾ. ಹಾಗಾದರೆ ಇದರ ನಿಜವಾದ ಕೆಲಸ ಏನು?

1974ರಲ್ಲಿ ಸುಳಿವು ಸಿಕ್ಕಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಇಲಿಗಳಿಗೆ ಒಂದು ವೈರಸ್ ಕೊಟ್ಟು, ಆ ಇಲಿಗಳ ಟಿ ಕೋಶಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು, ತೆಗೆದು ನೋಡಿದರು. ಸೋಂಕು ತಗುಲಿದ ಕೋಶಗಳನ್ನು ಅವು ಕೊಲ್ಲುತ್ತಿದ್ದವು. ಆದರೆ ಒಂದು ಷರತ್ತು. ಸೋಂಕಿತ ಕೋಶದಲ್ಲಿ ಇರುವ ಎಂಎಚ್‌ಸಿ ಆ ಟಿ ಕೋಶದ ತಳಿಯದೇ ಆಗಿರಬೇಕು. ಅದೇ ವೈರಸ್ ಹೊತ್ತ ಬೇರೆ ತಳಿಯ ಕೋಶವನ್ನು ಇಟ್ಟರೆ ಟಿ ಕೋಶ ಅದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಅಂದರೆ ಟಿ ಕೋಶ ಬರೀ ವೈರಸ್ ನೋಡುತ್ತಿಲ್ಲ. ವೈರಸ್ಸನ್ನೂ ತನ್ನ ಎಂಎಚ್‌ಸಿಯನ್ನೂ ಒಟ್ಟಿಗೆ ನೋಡುತ್ತಿದೆ. ಇದಕ್ಕೆ 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒಟ್ಟಿಗೆ ನೋಡುವುದು ಅಂದರೇನು? ಇಲ್ಲಿ ಎರಡು ಪಂಗಡ ಆಯಿತು. ಟಿ ಕೋಶದ ಮೇಲೆ ಎರಡು ಬೇರೆ ಬೇರೆ ಗ್ರಾಹಕಗಳಿವೆ (ಗ್ರಾಹಕ ಅಂದರೆ ಗುರುತು ಹಿಡಿಯುವ ಪ್ರೋಟೀನು), ಒಂದು ಎಂಎಚ್‌ಸಿಗೆ, ಇನ್ನೊಂದು ವೈರಸ್ಸಿಗೆ ಅಂತ ಕೆಲವರು. ಒಂದೇ ಗ್ರಾಹಕ ಇದೆ, ವೈರಸ್ ಸೇರಿ ಬದಲಾದ ಎಂಎಚ್‌ಸಿಯನ್ನು ಅದು ಗುರುತಿಸುತ್ತದೆ ಅಂತ ಇನ್ನು ಕೆಲವರು. ವರ್ಷಗಟ್ಟಲೆ ವಾದ ನಡೆಯಿತು.

1980ರ ದಶಕದ ನಡುವೆ ಇನ್ನೆರಡು ತುಣುಕು ಸೇರಿದವು. ಎಮಿಲ್ ಉನಾನುವೆ ಅವರ ತಂಡ 1985ರಲ್ಲಿ ಒಂದು ಪ್ರೋಟೀನಿನ ಚಿಕ್ಕ ಚೂರು, ಅಂದರೆ ಪೆಪ್ಟೈಡ್, ಎಂಎಚ್‌ಸಿಯ ಒಂದು ಬಗೆಗೆ (ಎರಡನೇ ವರ್ಗ ಅನ್ನುತ್ತಾರೆ) ಅಂಟಿಕೊಳ್ಳುತ್ತದೆ ಅಂತ ತೋರಿಸಿತು. 1986ರಲ್ಲಿ ಅಲೆನ್ ಟೌನ್‌ಸೆಂಡ್ ಫ್ಲೂ ವೈರಸ್ಸಿನ ಒಳಗಿನ ಪ್ರೋಟೀನಿನ ಚೂರುಗಳನ್ನು ಕೋಶಕ್ಕೆ ಹೊರಗಿನಿಂದ ಕೊಟ್ಟರು. ಟಿ ಕೋಶ ಅದನ್ನು ಸೋಂಕಿತ ಕೋಶ ಅಂತಲೇ ತಿಳಿದು ಕೊಂದಿತು. ಇಡೀ ವೈರಸ್ ಬೇಕಿಲ್ಲ, ಚೂರು ಸಾಕು ಅಂತಾಯಿತು. ಆದರೆ ಆ ಚೂರು ಎಲ್ಲಿ ಕೂರುತ್ತದೆ? ಎಂಎಚ್‌ಸಿಯ ಪಕ್ಕಕ್ಕೋ, ಮೇಲಕ್ಕೋ, ಒಳಗೋ? ಇದನ್ನು ಪ್ರೋಟೀನಿನ ಆಕಾರ ನೋಡದೆ ಹೇಳುವ ಹಾಗಿರಲಿಲ್ಲ.

ಪಪ್ಪಾಯಿ, ಹರಳು, ಕಳೆದುಹೋದ ತಾಳ

ಪಮೇಲಾ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. 1978ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿ ಹಾರ್ವರ್ಡ್‌ಗೆ ಹೋದರು. ಅಲ್ಲಿ ಡಾನ್ ವೈಲಿ ಅವರ ಪ್ರಯೋಗಾಲಯ ಸೇರಿದರು. ವೈಲಿ ಆಗ ಇಯಾನ್ ವಿಲ್ಸನ್ ಮತ್ತು ಜಾನ್ ಸ್ಕೆಹೆಲ್ ಜೊತೆ ಫ್ಲೂ ವೈರಸ್ಸಿನ ಹೊರಮೈಯ ಮುಖ್ಯ ಪ್ರೋಟೀನಿನ ಆಕಾರ ಬಿಡಿಸುತ್ತಿದ್ದರು. ಅದು 1981ರಲ್ಲಿ ಪ್ರಕಟವಾಯಿತು. ಹಾರ್ವರ್ಡ್‌ನಲ್ಲೇ ಜ್ಯಾಕ್ ಸ್ಟ್ರಾಮಿಂಜರ್ ಇದ್ದರು. ಎಚ್‌ಎಲ್‌ಎ ಪ್ರೋಟೀನನ್ನು ಶುದ್ಧ ಮಾಡುವುದರಲ್ಲಿ ಅವರ ತಂಡದ್ದು ವರ್ಷಗಳ ಅನುಭವ. ಆಕಾರ ನೋಡುವವರು, ಪ್ರೋಟೀನು ತೆಗೆಯುವವರು ಹೀಗೆ ಹತ್ತಿರದಲ್ಲೇ ಇದ್ದದ್ದು ಸಣ್ಣ ವಿಷಯವಲ್ಲ.

ಪ್ರೋಟೀನು ತೆಗೆಯುವುದೇ ದೊಡ್ಡ ಕೆಲಸ. ಎಚ್‌ಎಲ್‌ಎಯ ಬಾಲ ಕೋಶದ ಪೊರೆಯಲ್ಲಿ ಹೂತುಕೊಂಡಿರುತ್ತದೆ. ಪೊರೆ ಅಂದರೆ ಜಿಡ್ಡು. ಜಿಡ್ಡಿನಲ್ಲಿ ಸಿಕ್ಕಿಕೊಂಡ ಪ್ರೋಟೀನು ಹರಳುಗಟ್ಟುವುದು ಬಹಳ ಕಷ್ಟ. ಹಾಗಾಗಿ ಬುಡಕ್ಕೆ ಕತ್ತರಿ ಹಾಕಿ ತಲೆಭಾಗವನ್ನಷ್ಟೇ ಬಿಡಿಸಿಕೊಂಡರು. ಕತ್ತರಿ ಯಾವುದು ಗೊತ್ತಾ? ಪಪೇನ್, ಪಪ್ಪಾಯಿಕಾಯಿಯ ಹಾಲಿನಲ್ಲಿ ಸಿಗುವ ಕಿಣ್ವ. ಫ್ಲೂ ಪ್ರೋಟೀನಿಗೆ ಇದೇ ಕೆಲಸ ಮಾಡಿದ್ದು ಬ್ರೊಮೆಲೈನ್, ಅದು ಅನಾನಸಿನದು. ಇಪ್ಪತ್ತನೇ ಶತಮಾನದ ಎರಡು ದೊಡ್ಡ ಆಕಾರಗಳ ಹಿಂದೆ ಎರಡು ಹಣ್ಣುಗಳಿವೆ ಅಂತ ನೆನೆದರೆ ನನಗೆ ಪ್ರತಿ ಸಲ ನಗು ಬರುತ್ತದೆ.

ಪ್ರೋಟೀನು ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಬಿಳಿ ರಕ್ತಕಣಗಳಿಂದ. ಬ್ಯಾಕ್ಟೀರಿಯಾಕ್ಕೆ ಜೀನು ಹಾಕಿ ಬೇಕಾದಷ್ಟು ಪ್ರೋಟೀನು ಮಾಡಿಸಿಕೊಳ್ಳುವ ದಾರಿ ಈ ಪ್ರೋಟೀನಿಗೆ ಆಗ ಇರಲಿಲ್ಲ. ನೂರಾರು ಕೋಟಿ ಕೋಶ ಬೆಳೆಸಬೇಕು, ಒಡೆಯಬೇಕು, ಪೊರೆ ಬೇರೆ ಮಾಡಬೇಕು, ಕತ್ತರಿಸಬೇಕು, ಸೋಸಬೇಕು. ಕೊನೆಗೆ ಕೈಗೆ ಸಿಗುವುದು ಕೆಲವೇ ಮಿಲಿಗ್ರಾಂ. ಈ ಕೋಶಮೂಲದ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಹರಳು. ಪ್ರೋಟೀನಿನ ಅಣುಗಳು ಸಾಲಾಗಿ, ಶಿಸ್ತಾಗಿ ಜೋಡಿಸಿಕೊಂಡರೆ ಹರಳಾಗುತ್ತವೆ. ಅದರ ಮೇಲೆ ಎಕ್ಸ್‌ರೇ ಬಿಟ್ಟರೆ ಕಿರಣಗಳು ಚದುರಿ ಚುಕ್ಕಿಗಳ ಮಾದರಿ ಮೂಡುತ್ತದೆ. ಆ ಚುಕ್ಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಅಣುವಿನ ಆಕಾರ ಕಟ್ಟಬೇಕು. ಕೇಳಲು ಸುಲಭ. ತೊಡಕು ಏನೆಂದರೆ, ಚುಕ್ಕಿ ಎಷ್ಟು ಹೊಳೆಯುತ್ತದೆ ಅನ್ನುವುದು ಮಾತ್ರ ಅಳತೆಗೆ ಸಿಗುತ್ತದೆ. ಆ ಅಲೆ ಎಷ್ಟು ಹಿಂದೆ ಮುಂದೆ ಇತ್ತು ಅನ್ನುವುದು ಕಳೆದುಹೋಗುತ್ತದೆ. ಒಂದು ಸಭೆಯಲ್ಲಿ ಯಾರು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು ಅಂತ ಬರೆದಿಟ್ಟಿದ್ದೀರಿ, ಯಾವಾಗ ತಟ್ಟಿದರು ಅಂತ ಬರೆದಿಲ್ಲ. ಈಗ ತಾಳ ಹೇಳಿ ಅಂದರೆ? ಅಂಥ ಕಷ್ಟ.

ಇದಕ್ಕೆ ಆಗ ಇದ್ದ ಮುಖ್ಯ ಉಪಾಯ ಭಾರದ ಪರಮಾಣುಗಳು. ಪಾದರಸದಂಥ ಭಾರದ ಲೋಹವನ್ನು ಹರಳಿನೊಳಗೆ ಇಳಿಸಿ, ಚುಕ್ಕಿಗಳು ಎಷ್ಟು ಬದಲಾದವು ನೋಡಿ, ಕಳೆದುಹೋದ ತಾಳವನ್ನು ಊಹಿಸುವುದು. ಹರಳು ಲೋಹವನ್ನು ಒಪ್ಪಿಕೊಳ್ಳಬೇಕು, ಒಡೆಯಬಾರದು, ಪ್ರತಿ ಅಣುವಿನಲ್ಲೂ ಒಂದೇ ಜಾಗಕ್ಕೆ ಕೂರಬೇಕು. ಹತ್ತು ಸಲ ಪ್ರಯತ್ನಿಸಿದರೆ ಒಂಬತ್ತು ಸಲ ಹರಳು ಹಾಳು. ಕೈಯಲ್ಲಿರುವ ಪ್ರೋಟೀನೇ ಚಿಟಿಕೆಯಷ್ಟು ಇದ್ದಾಗ ಆ ನಷ್ಟ ಎಷ್ಟು ನೋಯಿಸುತ್ತದೆ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು.

1984: ಪದವಿ ಬಂತು, ಉತ್ತರ ಬರಲಿಲ್ಲ

ಪಮೇಲಾ ಅವರಿಗೆ 1984ರಲ್ಲಿ ಡಾಕ್ಟರೇಟ್ ಸಿಕ್ಕಿತು. ಆಕಾರ ಇನ್ನೂ ಸಿಕ್ಕಿರಲಿಲ್ಲ. ಎಚ್‌ಎಲ್‌ಎ-ಎ2 ಹರಳುಗಳ ಬಗ್ಗೆ, ಅವು ಎಕ್ಸ್‌ರೇಯನ್ನು ಹೇಗೆ ಚದುರಿಸುತ್ತವೆ ಅನ್ನುವುದರ ಬಗ್ಗೆ 1985ರಲ್ಲಿ ಒಂದು ಪ್ರಬಂಧ ಬಂತು. ಅದು ದಾರಿಯ ಅರ್ಧ ಮಾತ್ರ.

ಈ ಪ್ರಕರಣದ ತಿರುವು ಇಲ್ಲಿದೆ. ಡಾಕ್ಟರೇಟ್ ಮುಗಿದರೆ ಪ್ರಯೋಗಾಲಯ ಬದಲಿಸುವುದು ವಾಡಿಕೆ. ಹೊಸ ಜಾಗ, ಹೊಸ ವಿಷಯ, ಹೊಸ ಗುರು. ಅದೇ ಜಾಗದಲ್ಲಿ ಉಳಿದವರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಪಮೇಲಾ ಅಲ್ಲೇ ಉಳಿದರು. ವೈಲಿ ಅವರ ಪ್ರಯೋಗಾಲಯದಲ್ಲೇ ಪೋಸ್ಟ್‌ಡಾಕ್ ಆಗಿ ಮುಂದುವರಿದರು. 1978ರಲ್ಲಿ ಹಾರ್ವರ್ಡ್‌ಗೆ ಬಂದವರು, 1987ರಲ್ಲಿ ಪ್ರಬಂಧ. ಹೆಚ್ಚುಕಡಿಮೆ ಒಂಬತ್ತು ವರ್ಷ.

ಇದನ್ನು ತಾಳ್ಮೆಯ ಕಥೆಯಾಗಿ ಹೇಳುವುದು ಸುಲಭ. ನನಗೆ ಅಷ್ಟು ಸಮಾಧಾನ ಇಲ್ಲ. ತಾಳ್ಮೆಯಿಂದ ಕಾದು ಏನೂ ಸಿಗದೆ ಹೋದವರ ಹೆಸರು ನಮಗೆ ಗೊತ್ತಿರುವುದೇ ಇಲ್ಲ. ಉಳಿಯುವುದು ಸರಿಯಾದ ತೀರ್ಮಾನವಾಗಿತ್ತೇ ಅಂತ ಕೇಳಬೇಕಾದರೆ ಆ ದಿನ ಅವರ ಕೈಯಲ್ಲಿ ಏನಿತ್ತು ನೋಡಬೇಕು. ಹರಳು ಇತ್ತು, ಅದು ಎಕ್ಸ್‌ರೇಯನ್ನು ಚದುರಿಸುತ್ತಿತ್ತು. ಪ್ರೋಟೀನು ಪೂರೈಸುವ ತಂಡ ಹತ್ತಿರವೇ ಇತ್ತು. ಪ್ರಶ್ನೆ ಹಳತಾಗಿರಲಿಲ್ಲ, ಬದಲಿಗೆ ಇನ್ನಷ್ಟು ಬಿಸಿಯಾಗುತ್ತಿತ್ತು. ಅಂದರೆ ಬಾಕಿ ಇದ್ದದ್ದು ಕಷ್ಟದ ಕೆಲಸ, ಅಸಾಧ್ಯದ ಕೆಲಸ ಅಲ್ಲ. ಹರಳೇ ಸಿಗದೆ ಇದ್ದಿದ್ದರೆ ಇದೇ ತೀರ್ಮಾನ ಹುಂಬತನ ಆಗುತ್ತಿತ್ತು. ಇನ್ನೊಂದು ಮಾತು. ಒಬ್ಬರೇ ಕೂತು ಮಾಡಿದ ಕೆಲಸವೂ ಇದಲ್ಲ. ಮಾರ್ಕ್ ಸೇಪರ್ ಮತ್ತು ಇನ್ನಿಬ್ಬರು ಸಹೋದ್ಯೋಗಿಗಳ ಹೆಸರೂ ಪ್ರಬಂಧದಲ್ಲಿವೆ.

ನಕ್ಷೆಯಲ್ಲಿ ಕಂಡದ್ದು

ಕೊನೆಗೂ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ, ಅಂದರೆ ಹರಳಿನಲ್ಲಿ ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ ಅಂತ ತೋರಿಸುವ ನಕ್ಷೆ, ಸಿಕ್ಕಿತು. ಸ್ಪಷ್ಟತೆ 3.5 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಇಷ್ಟು ಸ್ಪಷ್ಟತೆಯಲ್ಲಿ ಪ್ರೋಟೀನಿನ ಬೆನ್ನೆಲುಬು ಎಲ್ಲಿ ಹೇಗೆ ತಿರುಗುತ್ತದೆ ಅಂತ ಹಿಡಿಯಬಹುದು. ಒಂದೊಂದು ಪರಮಾಣು ಬಿಡಿಬಿಡಿಯಾಗಿ ಕಾಣುವುದಿಲ್ಲ. ಮಂಜಿನಲ್ಲಿ ಬೆಟ್ಟದ ಸಾಲು ನೋಡಿದ ಹಾಗೆ.

ಎಚ್‌ಎಲ್‌ಎ-ಎ2ಗೆ ಎರಡು ಸರಪಳಿ. ದೊಡ್ಡದರಲ್ಲಿ ಕೋಶದ ಹೊರಗೆ ಚಾಚಿಕೊಂಡಿರುವ ಮೂರು ಭಾಗಗಳು, ಒಂದೊಂದರಲ್ಲೂ ಸುಮಾರು 90 ಅಮೈನೋ ಆಮ್ಲ, ಅಂದರೆ ಸರಪಳಿಯ ಕೊಂಡಿ. ಅವನ್ನು ಆಲ್ಫಾ 1, ಆಲ್ಫಾ 2, ಆಲ್ಫಾ 3 ಅಂತ ಕರೆಯುತ್ತಾರೆ. ಚಿಕ್ಕ ಸರಪಳಿಯ ಹೆಸರು ಬೀಟಾ-2 ಮೈಕ್ರೋಗ್ಲಾಬ್ಯುಲಿನ್, 99 ಅಮೈನೋ ಆಮ್ಲದ್ದು. ಪೊರೆಯ ಹತ್ತಿರದ ಎರಡು ಭಾಗಗಳು ಪ್ರತಿಕಾಯಗಳ (ರೋಗಾಣುಗಳನ್ನು ಹಿಡಿಯುವ ಪ್ರೋಟೀನುಗಳ) ಭಾಗಗಳನ್ನೇ ಹೋಲುತ್ತಿದ್ದವು. ಅದನ್ನು ಮೊದಲೇ ಊಹಿಸಿದ್ದರು. ಅಚ್ಚರಿ ಇದ್ದದ್ದು ಮೇಲೆ.

ಆಲ್ಫಾ 1 ಮತ್ತು ಆಲ್ಫಾ 2 ಎರಡೂ ಸೇರಿ ಒಂದೇ ಕಟ್ಟಡ ಕಟ್ಟಿದ್ದವು. ಎರಡೂ ನಾಲ್ಕು ನಾಲ್ಕು ಎಳೆ ಕೊಟ್ಟು ಎಂಟು ಎಳೆಯ ತಳ. ಅದರ ಮೇಲೆ ಎರಡರಿಂದಲೂ ಒಂದೊಂದು ಉದ್ದನೆಯ ಸುರುಳಿ. ಕಾಲುವೆಗೆ ಎರಡು ಕಡೆ ಬದು ಹಾಕಿದ ಹಾಗೆ. ಕಾಲುವೆಯ ಉದ್ದ ಸುಮಾರು 25 ಆಂಗ್‌ಸ್ಟ್ರಾಂ, ಅಗಲ 10, ಆಳ 11. ಅದು ಇದ್ದದ್ದು ಕೋಶದಿಂದ ದೂರದ ತುದಿಯಲ್ಲಿ, ಟಿ ಕೋಶ ಬಂದು ಮುಟ್ಟುವ ಕಡೆಗೇ ಮುಖ ಮಾಡಿ.

ಆಮೇಲೆ ಅವರು ಒಂದು ಸರಳ ಕೆಲಸ ಮಾಡಿದರು. ಮನುಷ್ಯರಿಂದ ಮನುಷ್ಯರಿಗೆ ಎಚ್‌ಎಲ್‌ಎ ಎಲ್ಲೆಲ್ಲಿ ಬದಲಾಗುತ್ತದೆ ಅನ್ನುವುದು ಆಗಲೇ ಗೊತ್ತಿತ್ತು. ಆ ಜಾಗಗಳನ್ನು ಹೊಸ ಆಕಾರದ ಮೇಲೆ ಗುರುತು ಹಾಕಿದರು. ಹೆಚ್ಚಿನವು ಬಂದು ಬಿದ್ದದ್ದು ಕಾಲುವೆಯೊಳಕ್ಕೆ! ತಳದಲ್ಲಿ, ಬದುವಿನ ಒಳಮಗ್ಗುಲಲ್ಲಿ. ಕಸಿ ತಜ್ಞರ ತಲೆ ತಿಂದ ಆ ವೈವಿಧ್ಯವೆಲ್ಲ ಒಂದು ಗುಂಡಿಯ ಗೋಡೆಗಳನ್ನು ಬೇರೆ ಬೇರೆ ಮಾಡುವುದಕ್ಕೆ ಇತ್ತು ಅಂತ ಅವತ್ತು ಕಂಡಿತು. ನನ್ನ ಪ್ರಕಾರ ಎರಡು ಪ್ರಬಂಧಗಳಲ್ಲಿ ಅತ್ಯಂತ ಚೆಂದದ ಜಾಗ ಇದೇ. ಹೊಸ ಪ್ರಯೋಗವೇ ಇಲ್ಲ. ಹಳೆಯ ಪಟ್ಟಿಯನ್ನು ಹೊಸ ನಕ್ಷೆಯ ಮೇಲೆ ಇಟ್ಟರು, ಅಷ್ಟೇ.

ಮತ್ತೆ ಆ ಮುದ್ದೆ. ಕಾಲುವೆಯಲ್ಲಿ ಸಾಂದ್ರತೆ ಇತ್ತು, ಆದರೆ ಅದು ಎಚ್‌ಎಲ್‌ಎ ಸರಪಳಿಯ ಯಾವ ಭಾಗಕ್ಕೂ ಸೇರಿದ್ದಲ್ಲ. ಎಳೆ ಎಳೆಯಾಗಿ ಬಿಡಿಸಿ ಓದುವಷ್ಟು ಸ್ಪಷ್ಟವೂ ಇಲ್ಲ. ಗಾತ್ರ ಮಾತ್ರ ಒಂದು ಪೆಪ್ಟೈಡಿಗೆ ಸರಿಯಾಗಿ ಹೊಂದುತ್ತಿತ್ತು. ಎಚ್‌ಎಲ್‌ಎ ಜೊತೆಗೇ ಶುದ್ಧವಾಗಿ, ಜೊತೆಗೇ ಹರಳುಗಟ್ಟಿ ಬಂದ ಪೆಪ್ಟೈಡುಗಳ ಬೆರಕೆ ಇದಾಗಿರಬಹುದು ಅಂತ ಅವರು ಬರೆದರು. ವೈರಸ್ಸಿನ ಚೂರು ಕೂರುವುದು ಎಂಎಚ್‌ಸಿಯ ಪಕ್ಕದಲ್ಲಲ್ಲ, ಮಡಿಲಲ್ಲಿ. ಟಿ ಕೋಶಕ್ಕೆ ಮೇಲಿನಿಂದ ಕಾಣುವುದು ಎರಡು ಬದು ಮತ್ತು ನಡುವಿನ ಚೂರು, ಎಲ್ಲ ಸೇರಿ ಒಂದೇ ಮೇಲ್ಮೈ. ಒಂದೇ ಗ್ರಾಹಕ ಸಾಕು. ಎರಡು ಗ್ರಾಹಕದ ವಾದಕ್ಕೆ ಆಮೇಲೆ ಉಸಿರು ಉಳಿಯಲಿಲ್ಲ.

ಕೊಳೆಯ ಪಾತ್ರ

ಈಗ ಕೋಶಮೂಲದ ಸಂಗತಿಗೆ ಬರೋಣ. ಪ್ರೋಟೀನು ಹರಳುಗಟ್ಟಿಸುವವರಿಗೆ ಶುದ್ಧತೆಯೇ ದೇವರು. ಬೆರಕೆ ಇದ್ದರೆ ಹರಳು ಬರುವುದಿಲ್ಲ, ಬಂದರೂ ಚೆನ್ನಾಗಿರುವುದಿಲ್ಲ. ಆ ಅಳತೆಗೋಲಿನಲ್ಲಿ ಈ ಪ್ರೋಟೀನು ಶುದ್ಧವೇ ಆಗಿರಲಿಲ್ಲ. ಹರಳಿನೊಳಗೆ ಎಣಿಸಲಾರದಷ್ಟು ಅಣುಗಳು, ಅವುಗಳ ಮಡಿಲಲ್ಲಿ ಬೇರೆ ಬೇರೆ ಪೆಪ್ಟೈಡುಗಳು. ಅವೂ ವೈರಸ್ಸಿನವೇ ಆಗಬೇಕಿಲ್ಲ. ಕೋಶ ತನ್ನ ಸ್ವಂತ ಪ್ರೋಟೀನುಗಳನ್ನು ಒಡೆದು ಆ ಚೂರುಗಳನ್ನೂ ಹೀಗೇ ಹೊರಗೆ ತೋರಿಸುತ್ತಿರುತ್ತದೆ. ಎಲ್ಲ ಚೂರುಗಳ ಚಿತ್ರ ಒಂದರ ಮೇಲೊಂದು ಬಿದ್ದದ್ದರಿಂದಲೇ ನಕ್ಷೆಯಲ್ಲಿ ಮುದ್ದೆ ಕಂಡದ್ದು. ನೂರು ಜನರ ಫೋಟೋ ಒಂದರ ಮೇಲೊಂದು ಅಚ್ಚು ಹಾಕಿದರೆ ಒಂದು ಮುಖ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಯಾರದು ಅಂತ ಗೊತ್ತಾಗುವುದಿಲ್ಲ.

ಇದನ್ನು ಅದೃಷ್ಟ ಅನ್ನಬಹುದೇ? ಮುಂದಿನ ವರ್ಷಗಳಲ್ಲಿ ತಿಳಿದದ್ದು ಇದು: ಮಡಿಲಲ್ಲಿ ಪೆಪ್ಟೈಡ್ ಇಲ್ಲದ ಎಂಎಚ್‌ಸಿ ಮೈ ಬಿಸಿಯಲ್ಲಿ ನಿಲ್ಲುವುದಿಲ್ಲ, ಬೇಗ ಕಳಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾದಲ್ಲಿ ಮಾಡಿಸಿದ ಸರಪಳಿಗಳನ್ನು ಮಡಚಬೇಕಾದರೂ ಪಾತ್ರೆಗೆ ಪೆಪ್ಟೈಡ್ ಹಾಕಲೇಬೇಕು. ಅಂದರೆ ಖಾಲಿ ಎಚ್‌ಎಲ್‌ಎಯನ್ನು ಶುದ್ಧ ಮಾಡಿ ಹರಳುಗಟ್ಟಿಸುತ್ತೇನೆ ಅಂತ ಹೊರಟವರಿಗೆ ಏನೂ ಸಿಗುತ್ತಿರಲಿಲ್ಲ. ನಾವು ಕೊಳೆ ಅನ್ನುವುದೇ ಆ ಪ್ರೋಟೀನನ್ನು ಹಿಡಿದು ನಿಲ್ಲಿಸಿತ್ತು. ಕೋಶದಿಂದ ತೆಗೆಯದೆ ಬೇರೆ ದಾರಿ ಇರಲಿಲ್ಲ, ಹಾಗಾಗಿ ಕೋಶ ತುಂಬಿ ಕೊಟ್ಟದ್ದೇ ಬಂತು. ಅದು ಅದೃಷ್ಟ. ಆ ಮುದ್ದೆಯನ್ನು ಅಳತೆಯ ದೋಷ ಅಂತ ಒರೆಸಿ ಹಾಕದೆ ಅದಕ್ಕೊಂದು ಅರ್ಥ ಕೊಟ್ಟದ್ದು ಅದೃಷ್ಟವಲ್ಲ. 3.5 ಆಂಗ್‌ಸ್ಟ್ರಾಂ ನಕ್ಷೆಯಲ್ಲಿ ಬೇಡದ ಗುಳ್ಳೆ ಏಳುವುದು ತೀರಾ ಮಾಮೂಲಿ.

ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. 1991ರಲ್ಲಿ ಹಾನ್ಸ್-ಗೆಯಾರ್ಗ್ ರಾಮೆನ್ಸೇ ಅವರ ತಂಡ ಎಂಎಚ್‌ಸಿಯ ಮಡಿಲಿಂದ ಚೂರುಗಳನ್ನು ತೊಳೆದು ತೆಗೆದು ಓದಿತು. ಎ2ರಲ್ಲಿ ಕೂರುವ ಚೂರು ಸಾಮಾನ್ಯವಾಗಿ 9 ಅಮೈನೋ ಆಮ್ಲ ಉದ್ದ. ಎರಡನೇ ಜಾಗದಲ್ಲಿ ಹೆಚ್ಚಾಗಿ ಲ್ಯೂಸೀನ್, ಒಂಬತ್ತನೆಯದರಲ್ಲಿ ಹೆಚ್ಚಾಗಿ ವ್ಯಾಲೀನ್. ಈ ಎರಡು ಲಂಗರು, ಮಿಕ್ಕಿದ್ದು ಬಹುಮಟ್ಟಿಗೆ ಸ್ವತಂತ್ರ. 20 ಬಗೆಯ ಅಮೈನೋ ಆಮ್ಲದಿಂದ 9 ಜಾಗ ತುಂಬಿದರೆ 51,200 ಕೋಟಿ ಸಾಧ್ಯತೆ. ಎರಡು ಜಾಗ ಕಟ್ಟಿಹಾಕಿದರೂ 128 ಕೋಟಿ ಉಳಿಯುತ್ತದೆ. ಒಂದೇ ಕಾಲುವೆ ಇಷ್ಟನ್ನೆಲ್ಲ ಹಿಡಿಯಬಲ್ಲದು. ಮುದ್ದೆ ಮುದ್ದೆಯಾಗಿ ಕಂಡದ್ದು ಯಾಕೆ ಅಂತ ಈ ಅಂಕಿ ನೋಡಿದರೆ ಗೊತ್ತಾಗುತ್ತದೆ.

ಯಾರಿಗೆ ಎಷ್ಟು

1995ರ ಲಾಸ್ಕರ್ ಪ್ರಶಸ್ತಿ ಈ ಕ್ಷೇತ್ರದ ಐವರಿಗೆ ಬಂತು: ಡೊಹರ್ಟಿ, ಜಿಂಕರ್‌ನಾಗೆಲ್, ಉನಾನುವೆ, ಸ್ಟ್ರಾಮಿಂಜರ್, ವೈಲಿ. ಪಮೇಲಾ ಹೆಸರು ಅದರಲ್ಲಿ ಇಲ್ಲ. 1999ರ ಜಪಾನ್ ಪ್ರಶಸ್ತಿ ಸ್ಟ್ರಾಮಿಂಜರ್ ಮತ್ತು ವೈಲಿ ಅವರಿಗೆ. ಅಲ್ಲೂ ಇಲ್ಲ. ಹಾಗಂತ ಅವರನ್ನು ಎಲ್ಲರೂ ಮರೆತರು ಅಂದರೆ ತಪ್ಪಾಗುತ್ತದೆ. 1994ರ ಗೇರ್ಡ್‌ನರ್ ಪ್ರಶಸ್ತಿ ಅವರಿಗೆ ಬಂದಿತ್ತು. 1996ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಶಸ್ತಿಯನ್ನು ರಾಮೆನ್ಸೇ, ಸ್ಟ್ರಾಮಿಂಜರ್ ಜೊತೆ ಹಂಚಿಕೊಂಡರು.

ಪ್ರಶ್ನೆ ಹುಟ್ಟುಹಾಕಿದವರು, ಪ್ರಯೋಗಾಲಯ ಕಟ್ಟಿದವರು, ದಶಕದ ಮಟ್ಟಿಗೆ ದುಡ್ಡು ಮತ್ತು ಧೈರ್ಯ ಕೊಟ್ಟವರು ಒಂದು ಕಡೆ. ಹರಳಿನ ಮುಂದೆ ಕೂತವರು ಇನ್ನೊಂದು ಕಡೆ. ಪ್ರಶಸ್ತಿ ಸಮಿತಿಗಳು ಸಾಮಾನ್ಯವಾಗಿ ಮೊದಲಿನವರ ಕಡೆ ವಾಲುತ್ತವೆ. ಒಂದೇ ಕೆಲಸವನ್ನು ಎರಡು ಸಮಿತಿಗಳು ಬೇರೆ ಬೇರೆ ತೂಗಿದ್ದನ್ನು ನೋಡಿದರೆ ಈ ತಕ್ಕಡಿ ಎಷ್ಟು ಸಡಿಲ ಅಂತ ತಿಳಿಯುತ್ತದೆ. ಮೊದಲ ಹೆಸರು ಯಾರದು ಅನ್ನುವುದಕ್ಕೆ ಪ್ರಬಂಧದಲ್ಲಿ ಇರುವ ಬೆಲೆ ಪ್ರಶಸ್ತಿಪತ್ರಕ್ಕೆ ಬರುವ ಹೊತ್ತಿಗೆ ಕರಗುತ್ತದೆ, ಇದು ನನಗೆ ಸರಿ ಕಾಣುವುದಿಲ್ಲ.

ಆಮೇಲಿನ ದಾರಿ

ಕಾಲುವೆ ಕಂಡ ಮೇಲೆ ಸಹಜವಾದ ಮುಂದಿನ ಹೆಜ್ಜೆ ಟಿ ಕೋಶದ ಗ್ರಾಹಕ. ಪಮೇಲಾ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಮಾರ್ಕ್ ಡೇವಿಸ್ ಜೊತೆ ಸೇರಿದರು. 1988ರಲ್ಲಿ ಇಬ್ಬರೂ ನೇಚರ್‌ನಲ್ಲಿ ಒಂದು ಊಹೆ ಬರೆದರು. ಗ್ರಾಹಕದ ತುದಿಯಲ್ಲಿ ಅತಿ ಹೆಚ್ಚು ಬದಲಾಗುವ ಕುಣಿಕೆಗಳು ನಡುವಿನ ಪೆಪ್ಟೈಡನ್ನು ಮುಟ್ಟುತ್ತವೆ, ಕಡಿಮೆ ಬದಲಾಗುವವು ಅಕ್ಕಪಕ್ಕದ ಬದುಗಳನ್ನು ಮುಟ್ಟುತ್ತವೆ ಅಂತ. ಗ್ರಾಹಕ ಮತ್ತು ಎಂಎಚ್‌ಸಿ ಒಟ್ಟಿಗಿರುವ ಆಕಾರ ಬಂದದ್ದು 1996ರಲ್ಲಿ, ವೈಲಿ ಮತ್ತು ಇಯಾನ್ ವಿಲ್ಸನ್ ಅವರ ತಂಡಗಳಿಂದ ಬೇರೆ ಬೇರೆಯಾಗಿ. ಊಹೆ ಸುಮಾರಾಗಿ ಸರಿಯಿತ್ತು. ಆ ಆಕಾರವನ್ನು ಮೊದಲು ಬಿಡಿಸಿದವರು ಪಮೇಲಾ ಆಗಲಿಲ್ಲ.

1989ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆ ಸೇರಿದರು. ಅಲ್ಲಿ ಅವರು ಆರಿಸಿಕೊಂಡದ್ದು ಎಂಎಚ್‌ಸಿಯ ದೂರದ ನೆಂಟರನ್ನು. ಅದೇ ಕಟ್ಟಡ, ಬೇರೆ ಬಾಡಿಗೆದಾರ. ಮರಿ ಇಲಿಯ ಕರುಳಿನಲ್ಲಿ ಒಂದು ಪ್ರೋಟೀನಿದೆ, ತಾಯಿಹಾಲಿನ ಪ್ರತಿಕಾಯಗಳನ್ನು ಅದು ಹಿಡಿದು ರಕ್ತಕ್ಕೆ ದಾಟಿಸುತ್ತದೆ. ಹೆಸರು ಎಫ್‌ಸಿಆರ್‌ಎನ್. ಕರುಳಿನ ಕಡೆ ಪಿಎಚ್ ಸುಮಾರು 6, ಅಲ್ಲಿ ಹಿಡಿತ ಬಿಗಿ. ರಕ್ತದಲ್ಲಿ 7.4, ಅಲ್ಲಿ ಕೈ ಬಿಡುತ್ತದೆ. ದೋಣಿಯವನು ಈ ದಡದಲ್ಲಿ ಹತ್ತಿಸಿಕೊಂಡು ಆ ದಡದಲ್ಲಿ ಇಳಿಸಿದ ಹಾಗೆ. 1994ರಲ್ಲಿ ಅದರ ಆಕಾರ ಬಂತು. ಎಂಎಚ್‌ಸಿಯ ಅಚ್ಚೇ, ಆದರೆ ಕಾಲುವೆ ಕಿರಿದಾಗಿ ಮುಚ್ಚಿಕೊಂಡಿತ್ತು. ಪ್ರತಿಕಾಯ ಅಂಟುವುದು ಕಾಲುವೆಗೆ ಅಲ್ಲ, ಬದಿಗೆ. ದೊಡ್ಡವರ ರಕ್ತದಲ್ಲಿ ಪ್ರತಿಕಾಯ ಸುಮಾರು ಮೂರು ವಾರ ಉಳಿಯುವುದೂ ಇದೇ ಪ್ರೋಟೀನಿನ ದಯೆ. 1998ರಲ್ಲಿ ಎಚ್‌ಎಫ್‌ಇ ಅನ್ನುವ ಇನ್ನೊಂದು ನೆಂಟನ ಆಕಾರ ಬಂತು. ಅದು ಕೆಟ್ಟರೆ ದೇಹದಲ್ಲಿ ಕಬ್ಬಿಣ ಜಾಸ್ತಿಯಾಗುವ ಕಾಯಿಲೆ ಬರುತ್ತದೆ.

ಆಮೇಲೆ ವೈರಸ್ಸುಗಳು. ಪ್ರತಿಕಾಯಕ್ಕೆ ಎರಡು ಕೈ. ಎರಡೂ ಕೈಯಲ್ಲಿ ಹಿಡಿದರೆ ಪಟ್ಟು ಬಲವಾಗುತ್ತದೆ. ಎಚ್‌ಐವಿಯ ಮೈಮೇಲೆ ಮುಳ್ಳುಗಳು ಬಹಳ ಕಡಿಮೆ, ಸುಮಾರು 14. ಒಂದಕ್ಕೊಂದು ದೂರ. ಹಾಗಾಗಿ ಹೆಚ್ಚಿನ ಪ್ರತಿಕಾಯಗಳಿಗೆ ಒಂದೇ ಕೈಯ ಹಿಡಿತ ಗತಿ ಅಂತ 2010ರಲ್ಲಿ ಅವರ ತಂಡ ವಾದಿಸಿತು. ಹತ್ತು ವರ್ಷದ ನಂತರ ಕೋವಿಡ್ ಬಂದಾಗ ಇದೇ ಯೋಚನೆಯನ್ನು ತಿರುಗಿಸಿ ಹಾಕಿದರು. ಒಂದು ಪುಟ್ಟ ಪ್ರೋಟೀನ್ ಚೆಂಡಿನ ಮೇಲೆ 60 ಜಾಗ. ಅದರಲ್ಲಿ ಕೊರೊನಾ ಜಾತಿಯ 8 ಬೇರೆ ಬೇರೆ ವೈರಸ್ಸುಗಳ ಮುಳ್ಳಿನ ತುಂಡುಗಳನ್ನು ಕಲಸಿ ಅಂಟಿಸಿದರು. ಅಕ್ಕಪಕ್ಕದ ಎರಡು ತುಂಡು ಒಂದೇ ಬಗೆಯವಾಗಿರುವುದು ಅಪರೂಪ. ಎರಡೂ ಕೈಯಲ್ಲಿ ಹಿಡಿಯಬೇಕಾದರೆ ಎರಡರಲ್ಲೂ ಇರುವ ಸಮಾನ ಭಾಗವನ್ನೇ ಹಿಡಿಯಬೇಕು. ಅಂಥದ್ದನ್ನು ಗುರುತಿಸುವ ಬಿ ಕೋಶಗಳೇ (ಪ್ರತಿಕಾಯ ತಯಾರಿಸುವ ಕೋಶಗಳು) ಗೆಲ್ಲಲಿ ಅನ್ನುವುದು ಲೆಕ್ಕಾಚಾರ. ಇಲಿಗಳಲ್ಲಿ ಮಾಡಿದ ಪ್ರಯೋಗ 2021ರಲ್ಲಿ, ಕೋತಿಗಳದು 2022ರಲ್ಲಿ ಪ್ರಕಟವಾಯಿತು.

ಮುದ್ದೆಗೆ ಏನಾಯಿತು

ಎಚ್‌ಎಲ್‌ಎ-ಎ2 ನಕ್ಷೆಯನ್ನು ಮತ್ತೆ ತಿದ್ದಿ 1991ರಲ್ಲಿ 2.6 ಆಂಗ್‌ಸ್ಟ್ರಾಂಗೆ ತಂದರು. ಸೇಪರ್, ಬ್ಯೋರ್ಕ್‌ಮನ್, ವೈಲಿ ಮೂವರ ಕೆಲಸ ಅದು. ಗೋಡೆ, ತಳ, ಬದು ಎಲ್ಲ ಸ್ಪಷ್ಟವಾಯಿತು. ಕಾಲುವೆಯೊಳಗಿನ ಪೆಪ್ಟೈಡುಗಳನ್ನು ಓದಲು ಆಗಲೂ ಆಗಲಿಲ್ಲ. ಕಣ್ಣು ಎಷ್ಟೇ ಚುರುಕಾದರೂ ಬೆರಕೆ ಬೆರಕೆಯೇ.

1993ರಲ್ಲಿ ವೈಲಿ ಅವರ ಪ್ರಯೋಗಾಲಯದಿಂದ ಇನ್ನೊಂದು ಪ್ರಬಂಧ ಬಂತು. ಈ ಸಲ ಎ2 ಸರಪಳಿಗಳನ್ನು ಬ್ಯಾಕ್ಟೀರಿಯಾದಲ್ಲಿ ಮಾಡಿಸಿ, ಒಂದೊಂದು ಪಾತ್ರೆಗೆ ಒಂದೊಂದೇ ಪೆಪ್ಟೈಡ್ ಹಾಕಿ ಮಡಚಿದ್ದರು. ಐದು ವೈರಲ್ ಪೆಪ್ಟೈಡ್, ಐದು ಆಕಾರ. ಪ್ರತಿಯೊಂದರಲ್ಲೂ ಕಾಲುವೆಯಲ್ಲಿ ಮುದ್ದೆಯ ಬದಲು ಒಂದು ಎಳೆ ಮಲಗಿತ್ತು, ಎರಡು ತುದಿ ಒಳಗೆ ಸಿಕ್ಕಿಸಿಕೊಂಡು, ನಡುವೆ ಮೇಲಕ್ಕೆ ಉಬ್ಬಿ. ಲೇಖಕರು ಮೂವರು: ಮ್ಯಾಡನ್, ಗಾರ್ಬೋಚಿ, ವೈಲಿ. ಪಮೇಲಾ ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಮರಿ ಇಲಿಯ ಕರುಳಿನ ಪ್ರೋಟೀನಿನ ಬೆನ್ನು ಹತ್ತಿದ್ದರು.